ಶಿವಮೊಗ್ಗದಿಂದ ಲೇಹ್‌ಗೆ ಬೈಕ್: ಸರ್ಚುವಿನಲ್ಲಿ ಮಾತ್ರ ಮಲಗಬೇಡಿ

ನಾವು ನಾಲ್ವರು, ಮೂರು ಬೈಕ್. ಜುಲೈನಲ್ಲಿ ಶಿವಮೊಗ್ಗ ಬಿಟ್ಟಾಗ ಧೋ ಅಂತ ಮಳೆ. ಮಳೆಗಾಲದಲ್ಲೇ ಆಗುಂಬೆ ಘಾಟಿ ಹತ್ತಿ ಇಳಿದವರಿಗೆ ಹಿಮಾಲಯ ಏನು ಮಹಾ ಅನ್ನುವ ಧಿಮಾಕು ಬೇರೆ.

ದಾರಿ ಕೇಳುವುದೇ ಬೇಡ. ಹರಿಹರದ ಹತ್ತಿರ ಹತ್ತಿದ ಹೆದ್ದಾರಿ 48 ಹುಬ್ಬಳ್ಳಿ, ಪುಣೆ, ಉದಯಪುರ, ಜೈಪುರ ದಾಟಿಸಿ ದಿಲ್ಲಿಗೇ ಬಿಡುತ್ತದೆ. ಆದರೂ ನನ್ನ ಕೇಳಿದರೆ ಅಷ್ಟು ದೂರ ಓಡಿಸಬೇಡಿ. ಸುಮಾರು ಎರಡು ಸಾವಿರ ಕಿ.ಮೀ. ಲಾರಿಗಳ ಹಿಂದೆ ಹೋಗಿ ಬೆನ್ನು ಬಿದ್ದುಹೋಯಿತು, ರಜೆಯೂ ಕರಗಿತು. ಬೆಂಗಳೂರಿನಿಂದ ರೈಲಿಗೆ ಪಾರ್ಸೆಲ್ ಹಾಕಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸುತ್ತಾರೆ, ಆರ್‌ಸಿ ನಕಲು ಬೇಕು. ನೀವು ಹೋದ ದಿನವೇ ಬೈಕ್ ಬರುತ್ತದೆ ಅಂತ ನಂಬಬೇಡಿ, ಎರಡು ದಿನ ಕೈಯಲ್ಲಿರಲಿ.

ನಮ್ಮ ಎಡವಟ್ಟು ಶುರುವಾಗಿದ್ದು ಮನಾಲಿ ಆಚೆ. 2020ರಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಘಾಟಿ ಹತ್ತುವ ಕೆಲಸವಿಲ್ಲ. ಹಾಗಾಗಿ ಮಧ್ಯಾಹ್ನಕ್ಕೇ ಜಿಸ್ಪಾ ಹಳ್ಳಿ ತಲುಪಿಬಿಟ್ಟೆವು. ಅಲ್ಲೇ ಉಳಿಯಬೇಕಿತ್ತು. "ಇನ್ನೂ ಬೆಳಕಿದೆ, ನಡೀರೋ" ಅಂದೆ, ಹೌದು, ನಾನೇ. ಬಾರಾಲಾಚಾ ಘಾಟಿ ದಾಟಿ, ಆಚೆ ಬದಿಯ ಸರ್ಚು ಅನ್ನುವ ಬಯಲಿನ ಟೆಂಟಿನಲ್ಲಿ ಮಲಗಿದೆವು. ನಮ್ಮ ಕೊಡಚಾದ್ರಿ 1,343 ಮೀಟರ್, ಸರ್ಚು 4,200ಕ್ಕಿಂತ ಜಾಸ್ತಿ. ರಾತ್ರಿಯಿಡೀ ಸಾಗರದ ಗೆಳೆಯನಿಗೆ ತಲೆನೋವು, ವಾಂತಿ. ಬೆಳಿಗ್ಗೆ ನೋಡಿದರೆ ಎಡಗಾಲಿನ ಬೂಟನ್ನು ಬಲಗಾಲಿಗೆ ತುರುಕುತ್ತಾ ಕೂತಿದ್ದ. ತಮಾಷೆ ಅಂದುಕೊಂಡೆವು. ನಿಲ್ಲಿಸಿದರೆ ಕುಡಿದವನ ಹಾಗೆ ತೂರಾಡಿದ. ಗಾಳಿ ತೆಳುವಾದ ಎತ್ತರಕ್ಕೆ ಒಮ್ಮೆಲೇ ಹತ್ತಿದರೆ ಬರುವ ಕಾಯಿಲೆ ಅದು, ಮಿದುಳಿಗೇ ಏರಿತ್ತು. ಟೆಂಟಿನವನು ನೋಡಿ ಒಂದೇ ಮಾತು ಹೇಳಿದ, ಈಗಲೇ ಕೆಳಗೆ ಇಳಿಸಿ ಅಂತ.

ಸರ್ಚುವಿನ ಕಷ್ಟ ಇರುವುದೇ ಇಲ್ಲಿ, ಕೆಳಗಿಳಿಯಬೇಕಾದರೂ ಮೊದಲು ಹತ್ತಬೇಕು. ಹಿಂದೆ ಹೋದರೆ 4,890 ಮೀಟರಿನ ಬಾರಾಲಾಚಾ, ಮುಂದೆ ಹೋದರೆ ಅದಕ್ಕಿಂತ ಎತ್ತರದ ಲಾಚುಂಗ್ ಲಾ (ಲಾ ಅಂದರೆ ಘಾಟಿ). ಟ್ಯಾಕ್ಸಿ ಮಾಡಿ ಹಿಂದಕ್ಕೆ ಕೇಲಾಂಗ್ ಆಸ್ಪತ್ರೆಗೆ ಕರೆದೊಯ್ದೆವು. ಇಳಿದ ಮೇಲೆ ಚೇತರಿಸಿಕೊಂಡ. ಅಲ್ಲಿಂದ ಅವನು ಊರಿನ ದಾರಿ ಹಿಡಿದ, ಲೇಹ್ ತಲುಪಿದ್ದು ಮೂವರೇ.

ಈಗ ಯಾರಾದರೂ ಕೇಳಿದರೆ ಶ್ರೀನಗರ, ಕಾರ್ಗಿಲ್ ಕಡೆಯಿಂದ ಹತ್ತಿ ಅನ್ನುತ್ತೇನೆ. ಆ ದಾರಿ ನಿಧಾನಕ್ಕೆ ಏರುತ್ತದೆ, ಕಾರ್ಗಿಲ್‌ನಲ್ಲಿ ನಿದ್ದೆಯೂ ಬರುತ್ತದೆ. ವಾಪಸ್ ಬರುವಾಗ ಮನಾಲಿ ದಾರಿ ಹಿಡಿಯಿರಿ. ಲೇಹ್‌ನಲ್ಲಿ ಎರಡು ದಿನ ಸುಮ್ನೆ ಬಿದ್ದುಕೊಂಡಿರಿ, ಖರ್ದುಂಗ್ ಲಾ ಎಲ್ಲಿಗೂ ಓಡಿಹೋಗಲ್ಲ. ಎತ್ತರದ ಕಾಯಿಲೆ ತಡೆಯಲು ನುಂಗುವ ಡೈಮಾಕ್ಸ್ ಮಾತ್ರೆ ಬೇಕೋ ಬೇಡವೋ ಅಂತ ಹೊರಡುವ ಮುಂಚೆ ಡಾಕ್ಟರನ್ನೇ ಕೇಳಿ.

ಇನ್ನೊಂದು, ಹಳ್ಳ. ನಮ್ಮ ಕಡೆ ಹಳ್ಳ ಮಳೆ ಬಂದರೆ ತುಂಬುತ್ತದೆ, ಅಲ್ಲಿ ಬಿಸಿಲು ಬಂದರೆ. ಮೇಲೆ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ರಸ್ತೆ ಮೇಲೇ ನೀರು ಹರಿಯುತ್ತದೆ. ಬೆಳಿಗ್ಗೆ ಬೇಗ ದಾಟಿಬಿಡಿ. ಗದ್ದೆಗೆ ಹಾಕುವ ಗಂಬೂಟು ಮನೆಯಲ್ಲಿದ್ದರೆ ಅದನ್ನೇ ತನ್ನಿ. ನನ್ನ ದುಬಾರಿ ರೈಡಿಂಗ್ ಬೂಟು ಎರಡು ದಿನವಾದರೂ ಒಣಗಲಿಲ್ಲ.

ಪೆಟ್ರೋಲನ್ನು ಕೇಲಾಂಗ್ ಹತ್ತಿರದ ತಾಂಡಿಯಲ್ಲಿ ಫುಲ್ ಮಾಡಿಸಿ, ಮೇಲೆ ಐದು ಲೀಟರ್ ಕ್ಯಾನ್ ಇರಲಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ ಸಾಕು. ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಪ್ಯಾಕೆಟ್ ಎತ್ತರಕ್ಕೆ ಹೋದಂತೆ ಬಲೂನಿನ ಹಾಗೆ ಉಬ್ಬಿ, ಸರ್ಚು ಆಚೆಯ ಪಾಂಗ್‌ನಲ್ಲಿ ಬ್ಯಾಗ್ ತೆರೆದಾಗ ರಸವೆಲ್ಲ ಥರ್ಮಲ್ ಬಟ್ಟೆಗೆ ಇಳಿದಿತ್ತು. ಇದ್ದದ್ದು ಅದೊಂದೇ ಜೊತೆ. ಹಾಕಿಕೊಂಡೇ ಮಲಗಿದೆ.