ಟಪ್ ಅಂತ ಮುರಿದ ಬಿಲ್ಲು

ಮೂರು ವಾರ ಕೆತ್ತಿದ ಮೊದಲ ಬಿಲ್ಲು ನಿನ್ನೆ ಟಪ್ ಅಂತ ಮುರಿಯಿತು. ತಪ್ಪು ನನ್ನದೇ. ಬಿಲ್ಲು ಬಾಗಿದಾಗ ಅದರ ಹೊರಮೈ, ಅಂದರೆ ಗುರಿಯ ಕಡೆಗಿರುವ ಮುಖ, ಹಿಗ್ಗುತ್ತದೆ. ಅಲ್ಲಿ ಮರದ ಎಳೆ ತುದಿಯಿಂದ ತುದಿಗೆ ತುಂಡಾಗದೆ ಉಳಿಯಬೇಕು. ನಾನು ನುಣುಪಾಗಲಿ ಅಂತ ಸುಮ್ನೆ ಅಲ್ಲೂ ಉಜ್ಜಿಬಿಟ್ಟಿದ್ದೆ!

ಕೆರೆಯಬೇಕಾದ್ದು ಒಳಮೈಯನ್ನು. ಸ್ವಲ್ಪ ಕೆರೆಯುವುದು, ಹೆದೆ ಎಳೆದು ಎರಡೂ ಕಡೆ ಸಮನಾಗಿ ಬಾಗುತ್ತದಾ ನೋಡುವುದು, ಮತ್ತೆ ಕೆರೆಯುವುದು. ಎಡಗಡೆ ಬಿಗಿ ಅಂತ ಅಲ್ಲಿ ಕೆರೆದರೆ ಈಗ ಬಲಗಡೆ ಬಿಗಿ. ಹೀಗೇ ಸರಿಮಾಡುತ್ತಾ ಹೋದರೆ ಬಿಲ್ಲು ಆಟಿಕೆಯಷ್ಟು ಮೆತ್ತಗಾಗುತ್ತದೆ. ತೆಗೆದ ಮರವನ್ನು ವಾಪಸ್ ಅಂಟಿಸಲು ಆಗುವುದಿಲ್ಲ, ಅಲ್ವಾ?

ಬೇರೆ ಕೆಲಸಗಳಲ್ಲೂ ನನ್ನದು ಇದೇ ಚಾಳಿ. ಸಾಕು ಅನ್ನುವಲ್ಲಿ ಕೈ ನಿಲ್ಲುವುದಿಲ್ಲ.

ಇನ್ನೊಂದು ಕೋಲು ಮೂಲೆಯಲ್ಲಿ ಒಣಗುತ್ತಿದೆ. ದಿನಕ್ಕೆರಡು ಸಲ ಮುಟ್ಟಿ ನೋಡುತ್ತಿದ್ದೇನೆ.