ಬರೆದುಕೊಳ್ಳದ ಸಾಲು

18 ಮೇ 2022, ಬುಧವಾರ, ರಾತ್ರಿ

ನಿನ್ನೆಯ ಮಳೆಗೆ ನಮ್ಮ ರಸ್ತೆ ಇನ್ನೂ ಕೆಸರು. ಅಪ್ಪ ವಾಕಿಂಗ್ ಬಿಟ್ಟು ಟಿವಿ ಮುಂದೆ ಕೂತಿದ್ದಾರೆ. ನಾನು ಬಂದಾಗ ರಾಜೀವ್ ಗಾಂಧಿ ಹತ್ಯೆ ಕೇಸಿನ ಪೇರರಿವಾಳನ್ ಮತ್ತು ಅವರ ತಾಯಿ ಅರ್ಪುತಮ್ಮಾಳ್ ಅವರನ್ನೇ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು. ಸಿಕ್ಕಾಗ 19 ವರ್ಷದ ಹುಡುಗ. ಈಗ 50.

"ಬಿಟ್ರಂತೆ" ಅಂದರು ಅಪ್ಪ. ಖುಷಿಯೋ ಬೇಜಾರೋ ಗೊತ್ತಾಗಲಿಲ್ಲ.

ನನ್ನ ತಲೆಯಲ್ಲಿ, ಬಾಂಬಿಗೆ ಬಳಸಿದರು ಅನ್ನೋ ಆ ಬ್ಯಾಟರಿ. ಎರಡು 9 ವೋಲ್ಟ್ ಬ್ಯಾಟರಿ ಕೊಂಡು, ಹತ್ಯೆಯ ಸೂತ್ರಧಾರ ಶಿವರಾಸನ್‌ಗೆ ಕೊಟ್ಟೆ ಅಂತ ಟಾಡಾ (ಪೊಲೀಸರ ಮುಂದೆ ಕೊಟ್ಟ ಹೇಳಿಕೆಯೂ ಸಾಕ್ಷಿಯಾಗುತ್ತಿದ್ದ ಭಯೋತ್ಪಾದನೆ ತಡೆ ಕಾಯ್ದೆ) ಹೇಳಿಕೆಯಲ್ಲಿದೆ. ಯಾತಕ್ಕೆ ಅಂತ ಗೊತ್ತಿರಲಿಲ್ಲ ಅಂತಲೂ ಹುಡುಗ ಹೇಳಿದ್ದ, ನಾನು ಅದನ್ನು ಬರೆದುಕೊಳ್ಳಲಿಲ್ಲ ಅಂತ ಹೇಳಿಕೆ ದಾಖಲಿಸಿದ ಸಿಬಿಐ ಅಧಿಕಾರಿ ತ್ಯಾಗರಾಜನ್ 2013ರಲ್ಲಿ ಬಾಯಿಬಿಟ್ಟರು. ನಿವೃತ್ತಿ ಆದ ಮೇಲೆ! 1998ರಲ್ಲಿ ವಿಶೇಷ ಕೋರ್ಟು 26 ಜನಕ್ಕೂ ಗಲ್ಲು ಅಂದಿತ್ತು. ಮಾರನೇ ವರ್ಷ ಸುಪ್ರೀಂ ಕೋರ್ಟು 19 ಜನರನ್ನು ಬಿಟ್ಟು, ನಾಲ್ವರಿಗೆ ಗಲ್ಲು ಉಳಿಸಿತು. ಆ ನಾಲ್ವರಲ್ಲಿ ಈತನೂ ಇದ್ದ; ಆಮೇಲೆ ಅದು ಜೀವಾವಧಿ ಆಯಿತು.

ಅಪ್ಪ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವರು. "ಹೇಳಿಕೆ ಅಂದ್ರೆ ಅವನು ಹೇಳಿದ್ದಲ್ಲಮ್ಮ, ಇವರು ಬರ್ಕೊಂಡಿದ್ದು" ಅಂದರು.

"ಟಾಡಾ ಅಪರಾಧ ಇಲ್ಲಿಲ್ಲ ಅಂತ ಕೋರ್ಟೇ ಹೇಳಿತು. ಟಾಡಾ ಕೆಳಗೆ ಬರೆಸಿದ ಹೇಳಿಕೆ ಮಾತ್ರ ನಡೆಯುತ್ತಾ?"

"ನಡೆಯುತ್ತೆ ಅಂದ್ರು, ನಡೀತು." ಸ್ವಲ್ಪ ಹೊತ್ತು ಬಿಟ್ಟು, "ಶ್ರೀಪೆರಂಬುದೂರಲ್ಲಿ ರಾಜೀವ್ ಸಭೆಯ ಬಂದೋಬಸ್ತಿಗೆ ನಿಂತ ಪೊಲೀಸರೂ ಸತ್ರು. ಅವರ ಅಮ್ಮಂದಿರನ್ನ ಯಾವ ಚಾನೆಲ್ ತೋರಿಸ್ತು ಇವತ್ತು?"

ಸುಮ್ಮನಾದೆ. ಇವತ್ತಿನ ತೀರ್ಪಿನಲ್ಲೂ ನಿರ್ದೋಷಿ ಅಂತ ಇಲ್ಲ. 2018ರಲ್ಲಿ ತಮಿಳುನಾಡು ಸಂಪುಟ ಬಿಡಿ ಅಂದಿದ್ದನ್ನು ರಾಜ್ಯಪಾಲರು ಇಟ್ಟುಕೊಂಡೇ ಕೂತಿದ್ದು ತಪ್ಪು ಅಂತ ಸುಪ್ರೀಂ ಕೋರ್ಟು ಸಂವಿಧಾನದ 142ನೇ ವಿಧಿಯ ತನ್ನ ವಿಶೇಷ ಅಧಿಕಾರ ಬಳಸಿ ಬಿಟ್ಟಿದ್ದು. ಬ್ಯಾಟರಿ ವಿಷಯ ಇದ್ದಲ್ಲೇ ಇದೆ.

ಆಮೇಲೆ ಅಪ್ಪನಿಗೆ ಇದ್ದಕ್ಕಿದ್ದಂತೆ ನಗು. 1991ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ ಶಿವರಾಸನ್ ಅಡಗಿದ್ದ ಆ ಮನೆ ನೋಡಲು ಸ್ಕೂಟರ್ ಹತ್ತಿ ಹೋಗಿದ್ದರಂತೆ. ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳಂತೆ. ಆಗ ಅದು ಊರಾಚೆ, ಈಗ ಮೆಟ್ರೋ ಹೋಗುತ್ತೆ.

ಕಮಾಂಡೋಗಳು ನುಗ್ಗುವ ಹೊತ್ತಿಗೆ ಒಳಗೆ ಶಿವರಾಸನ್ ಸೇರಿ ಏಳು ಹೆಣ. ಬ್ಯಾಟರಿ ತರಲು ಹೇಳುವಾಗ ಹುಡುಗನಿಗೆ ಏನಂತ ಹೇಳಿದೆ ಅಂತ ಕೇಳಬಹುದಾಗಿದ್ದ ಒಬ್ಬನೇ ಒಬ್ಬ, ನಮ್ಮೂರಲ್ಲಿ, ಹೀಗೆ...

ಹನ್ನೊಂದಕ್ಕೆ ಅಪ್ಪ ಮತ್ತೆ ಎದ್ದು ಬಂದರು. "ಆ ಸಾಲು ಇದ್ದಿದ್ರೂ ಜಡ್ಜು ನಂಬಬೇಕಿತ್ತಲ್ಲ."

ಓದೋಕಾದರೂ ಇರಬೇಕಿತ್ತಲ್ಲಪ್ಪ ಅನ್ನೋಣ ಅಂತಿದ್ದೆ. ಅವರು ಆಗಲೇ ಮೋಟರ್ ಆಫ್ ಮಾಡಿದ್ಯಾ ಅಂತ ಕೇಳುತ್ತಿದ್ದರು.