ರವದಿ ಸುಡಬೇಡಿ ಅಂದರೆ ರೈತರು ಯಾಕೆ ಕೇಳುವುದಿಲ್ಲ

ಮುಧೋಳ, ಜಮಖಂಡಿ, ರಾಯಬಾಗ, ಅಥಣಿ ಭಾಗದಲ್ಲಿ ಕಬ್ಬಿನ ಹಂಗಾಮು ಸುರುವಾಯಿತೆಂದರೆ ಕಟಾವಾದ ಹೊಲಗಳಿಂದ ಹೊಗೆ ಏಳುತ್ತದೆ. ರವದಿ, ಅಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿ, ಸುಟ್ಟರೆ ಮಣ್ಣಿಗೆ ಕೆಟ್ಟದ್ದು ಅನ್ನುವುದು ಗೊತ್ತಿಲ್ಲದ ರೈತ ಈಗ ಸಿಗುವುದು ಕಷ್ಟ. ಗೊತ್ತಿದ್ದೂ ಕಡ್ಡಿ ಗೀರುತ್ತಾರೆ. ಹಾಗಿರುವಾಗ ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳಿ ಉಪಯೋಗವಿಲ್ಲ. ಸುಡುವುದನ್ನು ಬಿಡದಂತೆ ಅವರನ್ನು ತಡೆಯುವ ಕೆಲವು ಕಾರಣ ಹೊಲದಲ್ಲಿವೆ, ಕೆಲವು ಮನಸ್ಸಿನಲ್ಲಿವೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಹೊಲದ್ದು. ಕಟಾವಿನ ಗ್ಯಾಂಗ್ ಕಬ್ಬು ಕಡಿದು ಹೋದ ಮೇಲೆ ಕುಳೆ ಕಬ್ಬಿನ (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆಯ) ಬುಡ ಸವರಬೇಕು, ಬೋದಿನ (ಸಾಲಿನ ಏರಿಯ) ಮಗ್ಗುಲು ಒಡೆಯಬೇಕು, ಗೊಬ್ಬರ ಕೊಟ್ಟು ನೀರು ಹಾಯಿಸಬೇಕು. ತಡವಾದಷ್ಟೂ ಕುಳೆಗೆ ನಷ್ಟ. ಎಕರೆಗೆ 3ರಿಂದ 4 ಟನ್ ರವದಿ ಹೊಲದ ತುಂಬ ಬಿದ್ದಿರುತ್ತದೆ. 3 ಅಡಿ ಸಾಲಿನಲ್ಲಿ ನೇಗಿಲಿಗೆ ಸಿಕ್ಕಿಕೊಳ್ಳುತ್ತದೆ, ನೀರು ಮುಂದೆ ಹೋಗುವುದಿಲ್ಲ. ತ್ರೀ-ಫೇಸ್ ಕರೆಂಟು ರಾತ್ರಿ ಬಂದರೆ ಹಾವಿನ ಹೆದರಿಕೆಯಲ್ಲಿ ಆ ರವದಿ ತುಳಿದು ನೀರು ಕಟ್ಟಬೇಕು. ಇಷ್ಟೆಲ್ಲ ತಾಪತ್ರಯ ಒಂದು ಕಡ್ಡಿಗೆ ಮುಗಿಯುತ್ತದೆ. ಇಂಥವನ ಮುಂದೆ ಪರಿಸರದ ಭಾಷಣ ಮಾಡುವುದು ಅನ್ಯಾಯವೇ ಸರಿ.

ಅವನಿಗೆ ಬೇಕಾದ್ದು ದಾರಿ. ರವದಿಯನ್ನು ಒಂದು ಬಿಟ್ಟು ಒಂದು ಸಾಲಿಗೆ ಎಳೆದು ತುಂಬಿ, ಖಾಲಿ ಸಾಲಿನಲ್ಲಿ ನೀರು ಬಿಡುವುದು. ಬುಡಗಳ ಮೇಲೆ ಒಂದು ಗರಿಯೂ ಉಳಿಯಬಾರದು. ಎರೆ ಭೂಮಿಯಲ್ಲಿ ಮುಚ್ಚಿದ ಬುಡ ಕೊಳೆತು, ಚಿಗುರದೆ ಸಾಲಿನಲ್ಲಿ ಹುಸಿ (ಖಾಲಿ ಜಾಗ) ಬೀಳುತ್ತದೆ. ಟನ್ ರವದಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸೂಪರ್ ಫಾಸ್ಫೇಟ್, 1 ಕೆ.ಜಿ. ಕೊಳೆಸುವ ಜೀವಾಣು ಗೊಬ್ಬರ. ಎಕರೆಗೆ 4 ಟನ್ ಹಿಡಿದರೆ ಯೂರಿಯಾ 32 ಕೆ.ಜಿ. ಜೀವಾಣುವನ್ನು ಸಗಣಿ ರಾಡಿಯಲ್ಲಿ ಕಲಸಿ, ರವದಿ ಒದ್ದೆ ಇದ್ದಾಗಲೇ ಚೆಲ್ಲಿ, ಮೇಲೆ ಒಂದಿಷ್ಟು ಮಣ್ಣು ಎಳೆಯಬೇಕು. ಒಣಗಿದ್ದರ ಮೇಲೆ ಹಾಕಿದ್ದು ದಂಡ. 5 ಅಡಿ ಸಾಲಿದ್ದರೆ ಟ್ರ್ಯಾಕ್ಟರಿನ ರವದಿ ಪುಡಿ ಮಾಡುವ ಯಂತ್ರ ಸಲೀಸಾಗಿ ಓಡುತ್ತದೆ. ಆದರೆ ಯಂತ್ರ ಬೇಕಾಗುವುದು ಕಟಾವಾದ ವಾರದಲ್ಲಿ. ತಿಂಗಳ ಮೇಲೆ ಪಾಳಿ ಬಂದರೆ ಅಷ್ಟರಲ್ಲಿ ಬೂದಿಯೂ ಹಾರಿಹೋಗಿರುತ್ತದೆ.

(ಕೆಂಪು ಕೊಳೆ ರೋಗ ಬಿದ್ದ ಹೊಲಕ್ಕೆ ಇದು ಯಾವುದೂ ಅಲ್ಲ. ಅಲ್ಲಿ ಕುಳೆಯನ್ನೇ ಬಿಡಬಾರದು.)

ಇನ್ನು ಮನಸ್ಸಿನದು, ಇದು ಹೆಚ್ಚು ಬಿಗಿ. ನಮ್ಮ ಕಡೆ ಒಳ್ಳೆ ರೈತನ ಗುರುತು ಅಂದರೆ ಸ್ವಚ್ಛ ಹೊಲ. ರವದಿ ಬಿದ್ದ ಹೊಲ ನೋಡಿ ದಾರಿಹೋಕರು "ಯಾಕೋ ತಮ್ಮಾ, ಕೈಲಾಗಲಿಲ್ಲೇನು?" ಅಂತಾರೆ. ಆ ಒಂದು ಮಾತು ಹತ್ತು ಕಾರ್ಯಾಗಾರಗಳನ್ನು ಅಳಿಸಿಹಾಕುತ್ತದೆ. ಎರಡನೆಯದು ಹೆದರಿಕೆ. ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ಎಳೆದುಕೊಳ್ಳುವುದರಿಂದ ಆರಂಭದಲ್ಲಿ ಕುಳೆ ಹಳದಿಗಟ್ಟುತ್ತದೆ. ಯೂರಿಯಾ ಹಾಕಿಸುವುದು ಇದಕ್ಕೇ. ಈ ಹಳದಿ ಬರಬಹುದೆಂದು ಮೊದಲೇ ಹೇಳದಿದ್ದರೆ ಆ ರೈತ ಮುಂದಿನ ವರ್ಷ ಬೆಂಕಿ ಹಚ್ಚುವುದಷ್ಟೇ ಅಲ್ಲ, ಊರಿಗೆಲ್ಲ ಹೇಳಿ ಹಚ್ಚಿಸುತ್ತಾನೆ.

"ಬೂದಿನೂ ಗೊಬ್ಬರ ಅಲ್ಲೇನ್ರಿ?" ಅನ್ನುವವರೂ ಉಂಟು. ಅರ್ಧ ಖರೆ, ಹಾಗೆಂದು ಒಪ್ಪಿಕೊಳ್ಳುವುದೇ ಮೇಲು. ಪೊಟ್ಯಾಷ್ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ. ಸಾರಜನಕ ಮತ್ತು ಸಾವಯವ ಅಂಶ ಹೋಗುತ್ತದೆ. 4 ಟನ್ ರವದಿಯಲ್ಲಿರುವ ಸಾರಜನಕವೆಂದರೆ ಸುಮಾರು 16 ಕೆ.ಜಿ., ಒಂದು ಚೀಲ ಯೂರಿಯಾಕ್ಕೂ ಕಡಿಮೆ. ಹೀಗಾಗಿ "ಗೊಬ್ಬರ ಉಳಿಯುತ್ತದೆ" ಅನ್ನುವ ಮಾತಿಗೆ ಯಾರೂ ಮರುಳಾಗುವುದಿಲ್ಲ. ಏಪ್ರಿಲ್-ಮೇ ಬಿಸಿಲಲ್ಲಿ ಕಾಲುವೆ ಬತ್ತಿ ಬೋರು ಕೈಕೊಟ್ಟಾಗ ರವದಿಯಡಿ ಕೈ ಹಾಕಿಸಿ ಹಸಿ ತೋರಿಸಿ. ಮಾತಿನ ಅಗತ್ಯ ಅಲ್ಲಿ ಬೀಳುವುದಿಲ್ಲ.

ಪೂರ್ತಿ ಹೊಲಕ್ಕೆ ಒಪ್ಪಿಸಲು ಹೋಗಬಾರದು. 5 ಗುಂಟೆ ಸಾಕು, ಅದೂ ರಸ್ತೆಗೆ ಕಾಣದ ಮೂಲೆಯಲ್ಲಿ. ನಾಕು ಮಂದಿ ನೋಡುವ ಕಡೆ ಪ್ರಯೋಗ ಮಾಡಿಸುವುದು ಇಲಾಖೆಯ ರೂಢಿ, ಆದರೆ ಮೊದಲ ವರ್ಷ ನಗೆಪಾಟಲಾಗುವ ಭಯ ಇರುವುದೇ ಅಲ್ಲಿ. ಎರಡನೇ ವರ್ಷ ಅವನೇ ಕರೆದು ತೋರಿಸುತ್ತಾನೆ. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದ ಮಾತಿಗೆ ತೂಕ ಇದ್ದೇ ಇದೆ, ಆದರೂ ಹೊಲಕ್ಕೆ ಹತ್ತಿದ ಮಗ್ಗುಲಿನವನ ಮಾತೇ ಬೇರೆ.

ಆ ಮಗ್ಗುಲಿನವನು ಬೇಕಾಗುವುದು ಇನ್ನೊಂದಕ್ಕೆ. ಅವನು ಹಚ್ಚಿದ ಬೆಂಕಿ ಇವನ ರವದಿಗೆ ದಾಟಿದರೆ ಚಿಗುರಿದ ಕುಳೆ, ಡ್ರಿಪ್ ಪೈಪು ಎಲ್ಲ ಹೋಯಿತು. ಒಂದೇ ಕಾಲುವೆ ಕೆಳಗಿನ ನಾಲ್ಕೈದು ಹೊಲದವರು ಕೂಡಿ ತೀರ್ಮಾನಿಸಬೇಕು. ಆಗದಿದ್ದರೆ ಬದುವಿನ ಉದ್ದಕ್ಕೂ 10 ಅಡಿ ರವದಿ ತೆಗೆದು ಬರಿ ನೆಲ ಬಿಡಬೇಕು.

ಸುಡದವರಿಗೆ ರೊಕ್ಕ ಕೊಡುವ ಯೋಜನೆಗಳ ಬಗ್ಗೆ ನನಗೆ ಅನುಮಾನವಿದೆ. ರೊಕ್ಕ ನಿಂತ ವರ್ಷವೇ ಹೊಗೆ ಮತ್ತೆ ಏಳುತ್ತದೆ. ಅದೇ ರೊಕ್ಕದಲ್ಲಿ ಹೇಳಿದ ದಿನಕ್ಕೆ ಯಂತ್ರ ಬರುವಂತೆ ಮಾಡಬಹುದು.

ಲಾವಣಿಗೆ, ಅಂದರೆ ಗೇಣಿಗೆ, ಹಿಡಿದ ಹೊಲದಲ್ಲಿ ಮಾತ್ರ ಇವೆಲ್ಲ ನಡೆಯುವುದು ಕಷ್ಟ. ಬರುವ ವರ್ಷ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಮಣ್ಣಿಗೆ ಯಾಕೆ ಹಾಕಿಯಾನು? ಅಲ್ಲಿ ಮಾತಾಡಬೇಕಾದ್ದು ಹೊಲದ ಮಾಲೀಕನ ಜೊತೆ: ಲಾವಣಿ ಮೂರು ವರ್ಷದ್ದಾಗಲಿ, ರವದಿ ಸುಡಬಾರದೆಂದು ಕರಾರಿನಲ್ಲಿ ಬರೆಸಲಿ, ಜೀವಾಣು ಗೊಬ್ಬರದ ಖರ್ಚು ತಾನು ಹಾಕಲಿ.